ಅಕ್ಕನ ಅರಿಶಿನ ಸೀರೆ, ಪುಟ್ಟಿಯ ಅರಿಶಿನ ಸೀರೆ: ಮುಹೂರ್ತಕ್ಕೆ ಮೈಸೂರು ಸಿಲ್ಕ್ ತಂದ ಸೋದರಮಾವನ ವರದಿ

ಸೀರೆ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಅಂತ ನಮ್ಮವಳು ಮೊದಲೇ ಹೇಳಿಬಿಟ್ಟಿದ್ದಾಳೆ. ಇರಲಿ. ಕಳೆದ ಮೇ ತಿಂಗಳಲ್ಲಿ ನಮ್ಮಕ್ಕನ ಮಗಳು ಪುಟ್ಟಿಯ ಮದುವೆ ಮೈಸೂರಿನಲ್ಲಿ ಆಯಿತು. ಅಕ್ಕ, ಭಾವ ಇರುವುದು ಬೆಂಗಳೂರಿನಲ್ಲಿ. ನಾನು ಇರುವುದು ಕುವೆಂಪುನಗರದಲ್ಲಿ. ಹಾಗಾಗಿ ಸೀರೆ, ಪತ್ರಿಕೆ, ಹೂವು, ಛತ್ರ, ಎಲ್ಲದರ ಓಡಾಟವೂ ನನ್ನ ಸ್ಕೂಟರಿನ ಮೇಲೆ ಬಿತ್ತು. ಮುಹೂರ್ತದ ಸೀರೆಗೆ ಹುಡುಕಾಡುತ್ತಿರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಪುಟ್ಟಿಯ ಫೋನಿನಲ್ಲಿ ಮದುವೆ ಫೋಟೊಗಳೇ ಮುನ್ನೂರು ಇದ್ದವು. ಉದಯಪುರದ ಅರಮನೆ, ತಿಳಿಗುಲಾಬಿ ಲೆಹೆಂಗಾ, ಸಮುದ್ರದ ದಂಡೆಯಲ್ಲಿ ಬಿಳಿ ಪರದೆ. ಎಲ್ಲ ತೋರಿಸಿದಳು, ನಾನೂ ತಲೆಯಾಡಿಸಿದೆ. ಕೊನೆಗೆ ಅವಳ ಮನಸ್ಸು ನಿಂತಿದ್ದು ಅವರ ಮನೆ ಗೋಡೆ ಮೇಲಿನ ಫೋಟೊದ ಮೇಲೆ. 1991ರಲ್ಲಿ ಸ್ಟುಡಿಯೊದಲ್ಲಿ ತೆಗೆಸಿದ್ದು. ಅಕ್ಕ ನಿಂತಿದ್ದಾಳೆ, ಹಿಂದೆ ಆಳೆತ್ತರದ ಕನ್ನಡಿ. ಕನ್ನಡಿಯಲ್ಲಿ ಸೊಂಟದ ತನಕ ಇಳಿದ ಮೊಗ್ಗಿನ ಜಡೆ. ಮೈಮೇಲೆ ಅರಿಶಿನ ಬಣ್ಣದ ಮೈಸೂರು ಸಿಲ್ಕ್, ಒಂದೇ ಬಣ್ಣ, ಸಣ್ಣ ಜರಿ ಅಂಚು.

"ಮಾವ, ನಂಗೆ ಇದೇ ಬೇಕು" ಅಂದಳು.

ಅಕ್ಕನ ಆ ಸೀರೆ ಇನ್ನೂ ಇತ್ತು. ಆದರೆ ಉಡುವ ಹಾಗಿರಲಿಲ್ಲ. ಮೂವತ್ತು ವರ್ಷ ಒಂದೇ ಮಡಿಕೆಯಲ್ಲಿ ಟ್ರಂಕಿನಲ್ಲಿ ಕೂತಿದ್ದಕ್ಕೆ ಮಡಿಕೆ ಮಡಿಕೆಗೂ ರೇಷ್ಮೆ ಸೀಳಿತ್ತು. ಬೆಳಕಿಗೆ ಹಿಡಿದರೆ ಗೆರೆ ಎಳೆದಂತೆ ಕಾಣುತ್ತಿತ್ತು. ಅಂಚು ಮಾತ್ರ ಹೊಚ್ಚ ಹೊಸದರಂತೆ ಇತ್ತು. "ಹಳೇ ಜರಿ ಸೀರೆ ತಗೋತೀವಿ" ಅಂತ ಬೀದಿಯಲ್ಲಿ ಕೂಗಿಕೊಂಡು ಬರುತ್ತಾರಲ್ಲ, ಅವರಿಗೆ ಕೊಟ್ಟು ಎರಡು ಸ್ಟೀಲ್ ಡಬರಿ ತಗೊಳ್ಳೋಣ ಅಂತ ಅಕ್ಕ ಒಮ್ಮೆ ಹೊರಟಿದ್ದಳಂತೆ. ಆ ದಿನ ಪುಟ್ಟಿ ಮನೆಯಲ್ಲಿ ಇದ್ದದ್ದು ಒಳ್ಳೆಯದಾಯಿತು.

ಹೀಗೆ ಹಳೆಯ ಸೀರೆಯನ್ನು ಚೀಲದಲ್ಲಿ ಇಟ್ಟುಕೊಂಡು ಮೂವರೂ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಗೆ ಹೋದೆವು. ಮೈಸೂರಿನವರು ಇವತ್ತಿಗೂ ಅದನ್ನು 'ಸಿಲ್ಕ್ ಫ್ಯಾಕ್ಟರಿ' ಅಂತಲೇ ಕರೆಯುವುದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ, ನಡೆಸುತ್ತಿದೆ. ಆವರಣದಲ್ಲೇ ಮಳಿಗೆ ಇದೆ. ಚಿಕ್ಕವನಿದ್ದಾಗ ಆ ಗೋಡೆ ಪಕ್ಕ ಸೈಕಲ್‌ನಲ್ಲಿ ಹೋಗುವಾಗ ಮಗ್ಗದ ಸದ್ದು ಕೇಳುತ್ತಿತ್ತು. ಒಳಗೆ ಕಾಲಿಟ್ಟಿದ್ದು ಇದೇ ಮೊದಲು. ಐವತ್ತೆರಡು ವರ್ಷ ಊರಲ್ಲಿದ್ದು ಅದನ್ನು ನೋಡಿರಲಿಲ್ಲ ಅಂದರೆ ನಾಚಿಕೆ ಆಗಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನೂ ನಾನು ಹತ್ತಿಲ್ಲ, ಆ ಮಾತು ಬೇರೆ.

ಅಂಗಡಿಯಲ್ಲಿ ನಾವು ಕೇಳಿದ್ದು ಒಂದೇ: ಈ ಬಣ್ಣ ಬೇಕು. ಸೀರೆ ತೋರಿಸುತ್ತಿದ್ದವರು ಮೂರು ಹಳದಿ ತೆಗೆದು ಹರಡಿದರು. ಒಂದು ನಿಂಬೆಹಣ್ಣಿನದು. ಒಂದು ಸಾಸಿವೆ ಹೂವಿನದು. ಒಂದು ಅರಿಶಿನದ ಕೊಂಬನ್ನು ಈಗಷ್ಟೇ ತೇಯ್ದ ಹಾಗೆ. ಅಕ್ಕನ ಸೀರೆಯನ್ನು ಪಕ್ಕದಲ್ಲಿಟ್ಟರೆ ಮೂರಕ್ಕೂ ಹೊಂದಲಿಲ್ಲ. ಆಗ ಅವರೇ ಅಕ್ಕನ ಸೀರೆಯ ಫಾಲ್ ಹೊಲಿಗೆಯನ್ನು ಒಂದು ಗೇಣು ಬಿಚ್ಚಬಹುದಾ ಅಂತ ಕೇಳಿದರು. ಬಿಚ್ಚಿದರು. ಫಾಲ್ ಅಡಿಯಲ್ಲಿ ಬೆಳಕೇ ಕಾಣದ ಜಾಗ ಹೊರಬಂತು. ಅಲ್ಲಿದ್ದ ಹಳದಿಯೇ ಬೇರೆ! ಮೂವತ್ತು ವರ್ಷದಲ್ಲಿ ನಾವೆಲ್ಲ ಅಕ್ಕನ ಸೀರೆಯ ಬಣ್ಣ ಅಂದುಕೊಂಡಿದ್ದು ಮಾಸಿದ ಬಣ್ಣ. ನಿಜವಾದದ್ದು ಆ ಮೂರನೆಯ ಸೀರೆಗೆ ಹತ್ತಿರ ಇತ್ತು. ಅಕ್ಕ ಅಲ್ಲೇ ಕುರ್ಚಿ ಮೇಲೆ ಕೂತಳು. "ಅಮ್ಮ ಇದನ್ನ ತಂದಾಗ ಎಷ್ಟು ಗಾಢ ಅಂತ ಜಗಳ ಆಡಿದ್ದೆ ಕಣೋ" ಅಂದಳು. ನಾನು ಸುಮ್ನೆ ಬಾಗಿಲ ಕಡೆ ನೋಡುತ್ತಾ ನಿಂತೆ.

ಅಷ್ಟಾದರೂ ನೂರಕ್ಕೆ ನೂರು ಹೊಂದಲಿಲ್ಲ. ಯಾಕೆ ಅಂತ ಅಲ್ಲೇ ಗೊತ್ತಾಯಿತು. ಮೈಸೂರು ಕ್ರೇಪಿನಲ್ಲಿ, ಅಂದರೆ ಈ ಸೀರೆಯ ಬಟ್ಟೆಯಲ್ಲಿ, ಬಣ್ಣ ಹಾಕುವುದು ನೇಯ್ದ ಮೇಲೆ. ಮೊದಲು ಎಳೆಯನ್ನು ಬಿಗಿಯಾಗಿ ಹುರಿ ಮಾಡುತ್ತಾರೆ. ಜರಿಯ ಜೊತೆಗೇ ಹಸಿ ರೇಷ್ಮೆಯನ್ನು ನೇಯುತ್ತಾರೆ. ಆಗ ಬಟ್ಟೆ ಒರಟು ಒರಟು, ಗೋಣಿಚೀಲದ ಹಾಗೆ. ಆಮೇಲೆ ಸೋಪಿನ ನೀರಿನಲ್ಲಿ ಕುದಿಸಿ ರೇಷ್ಮೆಯ ಅಂಟು ತೆಗೆಯುತ್ತಾರೆ. ಹುರಿ ಮಾಡಿದ ಎಳೆ ಸಡಿಲವಾಗಿ ಮೈಯೆಲ್ಲ ಸಣ್ಣ ಸಣ್ಣ ಮಡತೆ ಏಳುತ್ತದೆ. ಕೈಗೆ ಸಿಗುವ ಆ ನುಣುಪು ಬರುವುದು ಅಲ್ಲಿಂದಲೇ. ಅದಾದ ಮೇಲೆ ಇಡೀ ಸೀರೆ ಬಣ್ಣಕ್ಕೆ. ರೇಷ್ಮೆ ಬಣ್ಣ ಹೀರಿಕೊಳ್ಳುತ್ತದೆ, ಜರಿ ಹೀರುವುದಿಲ್ಲ. ಒಂದೊಂದು ಸಲ ಅದ್ದಿದಾಗ ಬಣ್ಣ ಒಂದು ಕೂದಲೆಳೆ ಆಚೀಚೆ ಆಗುವುದು ಸಹಜ ತಾನೆ. 1991ರ ಹಳದಿ 1991ರಲ್ಲೇ ಉಳಿಯಿತು.

ಜರಿಯ ವಿಷಯ ಅಕ್ಕನಿಗೆ ಮುಖ್ಯ. ಅವಳು ಜರಿ ಅನ್ನುವುದಿಲ್ಲ, 'ಸರಿಗೆ' ಅನ್ನುತ್ತಾಳೆ. ಕೆಎಸ್‌ಐಸಿ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ ಇರುತ್ತದೆ. ಬ್ಯಾಂಕಿನಲ್ಲಿ ಒಡವೆ ಸಾಲದ ಕೌಂಟರಿನಲ್ಲಿ ಕೂತವನು ನಾನು. ಆ ಸೊನ್ನೆ ಪಾಯಿಂಟ್ ಕೇಳಿ ನಗು ಬಂತು. ಆದರೆ ಅಕ್ಕನ ಅಂಚು ಇಷ್ಟು ವರ್ಷವಾದರೂ ಕಪ್ಪಾಗದೆ ಹೊಳೆಯುತ್ತಿರುವುದನ್ನು ನೋಡಿದ ಮೇಲೆ ನಗುವುದನ್ನು ಬಿಟ್ಟೆ. ಬೆಳ್ಳಿ, ಚಿನ್ನದ ರೇಟು ಏರಿದ ಹಾಗೆ ಸೀರೆಯ ರೇಟೂ ಏರುತ್ತದೆ. ನಾವು ಕೊಂಡಿದ್ದು ಅಂಗಡಿಯಲ್ಲಿ ಇದ್ದುದರಲ್ಲಿ ಸಾದಾ ಕಡೆಯದು, ಆದರೂ 30 ಸಾವಿರ ದಾಟಿತು. ಭಾವನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಅರಿಶಿನವೇ ತಾನೇ?" ಅಂದರು. "ಹೌದು ಭಾವ." "ಸರಿ, ತಗೊಳ್ಳಿ."

ಪ್ರತಿ ಸೀರೆಗೂ ಅದರದೇ ನಂಬರ್ ಇರುತ್ತದೆ, ಹಾಲೊಗ್ರಾಮ್ ಇರುತ್ತದೆ. 'ಮೈಸೂರು ಸಿಲ್ಕ್' ಅಂತ ಬೋರ್ಡು ಹಾಕಿಕೊಂಡು ಏನೇನೋ ಮಾರುವ ಅಂಗಡಿಗಳು ಊರ ತುಂಬ ಇವೆ. ಆಟೊದವರು ಪ್ರವಾಸಿಗಳನ್ನು ಸೀದಾ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಕೊಳ್ಳುವಾಗ ನಂಬರ್ ನೋಡಿ, ಬಿಲ್ಲನ್ನು ಸೀರೆ ಜೊತೆಗೇ ಇಡಿ. ಇಷ್ಟು ಮಾಡಿದರೆ ಸಾಕು.

ಈಗ ಸೀರೆಯ ಗುಣ, ದೋಷ. ಮನೆಗೆ ತಂದು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಅರ್ಧ ಕೆಜಿಗೆ ಸ್ವಲ್ಪ ಕಡಿಮೆಯೇ. ನಮ್ಮವಳ ಕಂಚಿ ಸೀರೆ ಅದರ ಎರಡರಷ್ಟು ತೂಗಿತು. ಮೇ ತಿಂಗಳು, ಎದುರಿಗೆ ಹೋಮದ ಹೊಗೆ, ಮೂರು ಗಂಟೆ ಮಣೆ ಮೇಲೆ ಕೂರಬೇಕು. ಪುಟ್ಟಿ ಒಂದು ಸಲವೂ ಸೆಖೆ ಅನ್ನಲಿಲ್ಲ. ಮೈಗೆ ಅಂಟಿಕೊಂಡ ಹಾಗೆ ಬೀಳುತ್ತದೆ, ಕೂತು ಎದ್ದರೂ ಮುದುಡುವುದಿಲ್ಲ. ಧಾರೆ ಎರೆಯುವಾಗ, ಸಪ್ತಪದಿ ತುಳಿಯುವಾಗ ಹುಡುಗಿ ನಡೆದ ರೀತಿಯೇ ಬೇರೆ ಇತ್ತು. ಕಂಚಿ ಉಟ್ಟವರು ಸೀರೆಯನ್ನು ಹೊತ್ತುಕೊಂಡು ನಡೆದ ಹಾಗೆ ಕಾಣುತ್ತಾರೆ. (ಇದನ್ನು ನಮ್ಮವಳ ಎದುರು ಹೇಳಿಲ್ಲ.)

ದೋಷ ಅಂದರೆ, ಜಾರುತ್ತದೆ. ಎಷ್ಟು ನುಣುಪೋ ಅಷ್ಟೇ ಜಾರು. ಕಂಚಿಯ ನೆರಿಗೆ ರಟ್ಟಿನ ಹಾಗೆ ನಿಲ್ಲುತ್ತದೆ, ಇದರ ನೆರಿಗೆ ನೀರಿನ ಹಾಗೆ ಹರಿಯುತ್ತದೆ. ಫೋಟೊದಲ್ಲಿ ಗರಿಗರಿಯಾಗಿ ನಿಂತ ಸೆರಗು ಬೇಕು ಅನ್ನುವವರಿಗೆ ಈ ಸೀರೆ ಬೇಡ. ಉಡಿಸಲು ಬಂದ ಬ್ಯೂಟಿಷಿಯನ್ ಹೆದರಿಕೊಂಡು ಹದಿನಾಲ್ಕು ಪಿನ್ ಚುಚ್ಚಿದ್ದಳು. ಸಂಜೆ ಬಿಚ್ಚುವಾಗ ನಮ್ಮವಳೇ ಎಣಿಸಿದ್ದು. ಭುಜದ ಹತ್ತಿರ ಒಂದು ಕಡೆ ಎಳೆ ಕಿತ್ತು ಬಂದಿದೆ. ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿಕೊಂಡರೆ ಬಟ್ಟೆ ಪಿನ್ನಿನ ಸುರುಳಿಗೆ ಸಿಕ್ಕಿಕೊಳ್ಳುವುದಿಲ್ಲವಂತೆ. ನಮಗೆ ಈ ಉಪಾಯ ಗೊತ್ತಾಗಿದ್ದು ಮದುವೆ ಮುಗಿದ ಮೇಲೆ.

ಇನ್ನು ಬ್ಲೌಸಿನ ಕಥೆ. ಅಕ್ಕನ ಹಳೆಯ ಸೀರೆಯನ್ನು ಉಡಲಾಗದಿದ್ದರೂ ಅದರ ಅಂಚನ್ನಾದರೂ ಮದುವೆಯ ದಿನ ಮೈಮೇಲೆ ಹಾಕಿಕೊಳ್ಳಬೇಕು ಅನ್ನುವುದು ಪುಟ್ಟಿಯ ಆಸೆ. ಅಂಚಿನಲ್ಲಿ ಸಾಲಾಗಿ ಸಣ್ಣ ಮಾವಿನಕಾಯಿಗಳಿದ್ದವು. ಕುಂಕುಮ ಬಣ್ಣದ ಬ್ಲೌಸು, ಎರಡು ತೋಳಿಗೂ ಈ ಅಂಚು. ನನಗೂ ತುಂಬಾ ಇಷ್ಟವಾಯಿತು. ಗೊತ್ತಿದ್ದ ಟೈಲರಿಗೆ ಕೊಟ್ಟೆವು, ಅಂಗಡಿಯ ಹೆಸರು ಬೇಡ. ಮದುವೆಗೆ ಎರಡು ದಿನ ಇದ್ದಾಗ ಬ್ಲೌಸ್ ಬಂತು. ಹೊಲಿಗೆ ಅಚ್ಚುಕಟ್ಟು, ಅಳತೆ ಸರಿ. ಎಲ್ಲರೂ ಚೆನ್ನಾಗಿದೆ ಅಂದೆವು. ಬಲತೋಳಿನ ಮಾವಿನಕಾಯಿಗಳು ನೆಟ್ಟಗೆ ಇವೆ, ಎಡತೋಳಿನವು ತಲೆಕೆಳಗು ಅನ್ನುವುದು ಅಷ್ಟು ಜನರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ. ಅದನ್ನು ಕಂಡವರು ಯಾರು ಅಂತ ಆಮೇಲೆ ಹೇಳುತ್ತೇನೆ.

ಲಗ್ನಪತ್ರಿಕೆಯದ್ದು ಬೇರೆಯೇ ರಗಳೆ. ನಾನು ಮನೆಯಲ್ಲಿ ಟೈಪ್ ಮಾಡಿ ಕಳಿಸಿದ್ದು ಪ್ರೆಸ್ಸಿನ ಹಳೆಯ ಫಾಂಟಿಗೆ ಹೋಗುವಷ್ಟರಲ್ಲಿ ಒತ್ತಕ್ಷರಗಳೆಲ್ಲ ಊರು ಬಿಟ್ಟಿದ್ದವು. 'ಆರತಕ್ಷತೆ' ಅನ್ನುವುದು 'ಆರತಕಷತೆ' ಆಗಿತ್ತು, 'ಮುಹೂರ್ತ'ದ ಅರ್ಕಾವತ್ತು ಪಕ್ಕದ ಮನೆಗೆ ಹೋಗಿ ಕೂತಿತ್ತು. "ಸಿಸ್ಟಮ್‌ನಲ್ಲಿ ಸರಿ ಇದೆ ಸಾರ್" ಅಂದ ಹುಡುಗ. ಮೂರು ಸಲ ತಿದ್ದಿಸಿದೆ, ಮೂರು ಸಲ ಹೊಸ ತಪ್ಪು. ನಮ್ಮ ಭಾವ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಪ್ರೂಫ್ ನೋಡಿ ಅವರ ಮುಖ ಕೆಂಪಾಯಿತು. ಒಂದು ಬಿಳಿ ಹಾಳೆ ತೆಗೆದುಕೊಂಡರು. ಶಾಯಿ ಪೆನ್ನಿನಲ್ಲಿ ಇಡೀ ಪತ್ರಿಕೆಯನ್ನು ದುಂಡಗೆ ಬರೆದರು. 'ಇವರ ಏಕಮಾತ್ರ ಪುತ್ರಿ ಚಿ|| ಸೌ||' ಅನ್ನುವ ಕಡೆ ಶಾಯಿ ಒಂದು ಚೂರು ಹರಡಿದೆ. "ಇದನ್ನೇ ಹಾಕಿ" ಅಂದರು. ಕಾಗದವನ್ನು ಹಾಗೆಯೇ ಸ್ಕ್ಯಾನ್ ಮಾಡಿಸಿ ಕೆನೆ ಬಣ್ಣದ ದಪ್ಪ ಕಾರ್ಡಿನ ಮೇಲೆ ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಿದೆವು. ನಾಲ್ಕು ಮೂಲೆಗೆ ಅರಿಶಿನ ಕುಂಕುಮ ನಾವೇ ಹಚ್ಚಿದ್ದು. ಚಿನ್ನದ ಬಣ್ಣ ಇಲ್ಲ, ಗಣಪತಿಯ ಉಬ್ಬು ಚಿತ್ರ ಇಲ್ಲ. ಖರ್ಚು ಅರ್ಧಕ್ಕೆ ಇಳಿಯಿತು. ಮದುವೆಗೆ ಬಂದಿದ್ದ ಭಾವನ ಹಳೆಯ ವಿದ್ಯಾರ್ಥಿಗಳು, "ಪತ್ರಿಕೆ ನೋಡಿದ ಕೂಡಲೇ ಬೋರ್ಡ್ ನೆನಪಾಯ್ತು ಮೇಷ್ಟ್ರೇ" ಅಂದರು.

ಜಾಸ್ತಿ ದುಡ್ಡು ಹೋಗಿದ್ದು ಮಂಟಪದ ಅಲಂಕಾರಕ್ಕೆ. ಅತ್ಯಂತ ಕಡಿಮೆ ಖುಷಿ ಕೊಟ್ಟಿದ್ದೂ ಅದೇ. ಅಲಂಕಾರದವರು 'ರಾಯಲ್ ಮೈಸೂರು ಥೀಮ್' ಅಂದರು. ಬಂದಿದ್ದು ಥರ್ಮಾಕೋಲ್ ಕಂಬ, ಎರಡು ಫೈಬರ್ ಆನೆ, ಹಿಂದೆ ಅರಮನೆಯ ಫ್ಲೆಕ್ಸು. ನಿಜವಾದ ಅರಮನೆ ಛತ್ರದಿಂದ ಎರಡು ಕಿಲೋಮೀಟರ್ ದೂರದಲ್ಲಿದೆ ಸ್ವಾಮಿ! ಅದನ್ನಾದರೂ ಸಹಿಸಬಹುದಿತ್ತು. ಮೇಲಿನಿಂದ ನೀಲಿ ಎಲ್‌ಇಡಿ ಬಿಟ್ಟಿದ್ದರು. ಫಾಲ್ ಬಿಚ್ಚಿ, ಬೆಳಕಿಗೆ ಹಿಡಿದು, ಮೂರು ಹಳದಿಯಲ್ಲಿ ಒಂದನ್ನು ಆರಿಸಿ ತಂದ ಸೀರೆ ಆ ಬೆಳಕಿನಲ್ಲಿ ಎಳೆ ಹಸಿರಾಗಿ ಕಾಣುತ್ತಿತ್ತು. ವರಪೂಜೆಯ ಫೋಟೊ ಎಲ್ಲ ಹಾಗೇ ಬಂದಿದೆ. ಅಂತರಪಟ ಹಿಡಿಯುವ ಮೊದಲು ನಾನೇ ಹೋಗಿ ಆ ಲೈಟಿನ ಪ್ಲಗ್ ಕಿತ್ತೆ. ಕಿಟಕಿಯ ಬೆಳಕು, ದೀಪದ ಬೆಳಕು ಸಾಕಾಯಿತು. ರೇಷ್ಮೆ ಉಡುವವರು ಅಲಂಕಾರದವರಿಗೆ ಮೊದಲೇ ಹೇಳಿ: ಬಣ್ಣದ ಲೈಟು ಬೇಡ, ಹಳದಿ ಛಾಯೆಯ ಸಾದಾ ಬೆಳಕು ಸಾಕು. ಬರೆದು ಕೊಡಿ. ಬಾಯಿಮಾತು ಸಾಲದು.

ಹೂವಿನ ಬಗ್ಗೆ ದೂರೇ ಇಲ್ಲ. ಹಿಂದಿನ ದಿನ ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ಮಲ್ಲಿಗೆ ಮೊಗ್ಗು ತಂದೆ. ಮೇ ತಿಂಗಳು ಮೈಸೂರು ಮಲ್ಲಿಗೆಯ ಸುಗ್ಗಿ. ಮಾರು ಕಟ್ಟಿದ್ದು ಬೇಡ, ಬಿಡಿ ಮೊಗ್ಗೇ ಬೇಕು, ಒಂದೂ ಅರಳಿರಬಾರದು ಅಂತ ಜಡೆ ಹೆಣೆಯುವ ಅಮ್ಮ ಅಪ್ಪಣೆ ಮಾಡಿದ್ದರು. ಅಗ್ರಹಾರದ ಕಡೆಯವರು. ಎಪ್ಪತ್ತು ದಾಟಿದೆ. ಒದ್ದೆ ಪಂಚೆಯಲ್ಲಿ ಮೊಗ್ಗು ಸುತ್ತಿಟ್ಟು, ಬೆಳಗಿನ ಜಾವ ಮೂರೂವರೆಗೆ ಎದ್ದು ಕೂತರು. ಬಾಳೆಪಟ್ಟೆಯನ್ನು ಜಡೆಯ ಅಗಲಕ್ಕೆ ಸೀಳಿಕೊಂಡು, ಅದರ ಮೇಲೆ ಸೂಜಿದಾರದಲ್ಲಿ ಒಂದೊಂದೇ ಮೊಗ್ಗು. ತೊಟ್ಟು ಒಳಗೆ, ತುದಿ ಹೊರಗೆ. ನಾಲ್ಕು ಸಾಲು ಮಲ್ಲಿಗೆ, ನಡುವೆ ಒಂದು ಸಾಲು ಕನಕಾಂಬರ. ರಟ್ಟಿನ ಮೇಲೆ ಯಾಕೆ ಹೊಲಿಯುವುದಿಲ್ಲ ಅಂತ ಕೇಳಿದೆ. "ರಟ್ಟು ಮೊಗ್ಗಿನ ನೀರು ಕುಡಿಯುತ್ತೆ, ಬಾಳೆಪಟ್ಟೆ ನೀರು ಕೊಡುತ್ತೆ" ಅಂದರು ತಲೆ ಎತ್ತದೆ. ಆರೂಮುಕ್ಕಾಲಿಗೆ ಜಡೆ ಸಿದ್ಧ. ಕೇಳಿದ್ದಕ್ಕಿಂತ ನಾನೇ ಸ್ವಲ್ಪ ಹೆಚ್ಚು ಕೊಟ್ಟೆ. ಎಣಿಸದೆ ಸೆರಗಿನ ತುದಿಗೆ ಕಟ್ಟಿಕೊಂಡರು.

ಕನ್ನಡಿಯ ಮುಂದೆ ಫೋಟೊ ತೆಗೆಸಿದೆವು. ಛತ್ರದ ವಧುವಿನ ಕೋಣೆಯ ಬೀರುವಿಗೆ ಆಳೆತ್ತರದ ಕನ್ನಡಿ ಇತ್ತು, ಪುಣ್ಯ.

ಸೋದರಮಾವ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಲ್ಲ. ಹಿಂದೆ ಎತ್ತಿಕೊಂಡೇ ಬರುತ್ತಿದ್ದರು. ನನ್ನ ಬೆನ್ನಿನ ಚರಿತ್ರೆ ಗೊತ್ತಿದ್ದ ಪುರೋಹಿತರು "ಕೈ ಹಿಡಿದು ನಡೆಸಿಕೊಂಡು ಬನ್ನಿ, ಸಾಕು" ಅಂದರು. ನಡೆಸಿಕೊಂಡು ಬಂದೆ. ಆ ನಲವತ್ತು ಹೆಜ್ಜೆಯಲ್ಲಿ ನನ್ನ ಗಮನವೆಲ್ಲ ನೆರಿಗೆ ಜಾರೀತೇನೋ ಅನ್ನುವುದರ ಮೇಲೇ ಇತ್ತು. ಜಾರಲಿಲ್ಲ. ಜೀರಿಗೆ ಬೆಲ್ಲ ಬಿದ್ದಾಗ ನನ್ನ ಕಣ್ಣಿಗೆ ಏನೋ ಬಿತ್ತು, ಸರಿಯಾಗಿ ನೋಡಲಾಗಲಿಲ್ಲ.

ಬೀಗರು ಹುಬ್ಬಳ್ಳಿಯವರು. ಆರತಕ್ಷತೆಗೆ ಪುಟ್ಟಿ ಉಟ್ಟಿದ್ದು ಅವರು ತಂದ ಇಳಕಲ್ ಸೀರೆ. ಕೆಂಪು 'ಟೋಪಿ ತೆನೆ' ವಿನ್ಯಾಸದ ಸೆರಗು, ಮೈಮೇಲೆ ಕಸೂತಿ. ಹುಡುಗನ ಅಜ್ಜಿ ತಾವೇ ಹಾಕಿದ್ದು. ಗೋಪುರ, ತೇರು, ತುಳಸಿಕಟ್ಟೆ. ಎಳೆ ಎಣಿಸಿ ಎಣಿಸಿ ಹಾಕುವ ಹೊಲಿಗೆ, ಎಲ್ಲೂ ಗಂಟಿಲ್ಲ. ಗವಂತಿ ಅನ್ನುವ ಹೊಲಿಗೆ ಹಾಕಿದ ಕಡೆ ತಿರುಗಿಸಿ ನೋಡಿದರೆ ಹಿಂದೂ ಮುಂದೂ ಒಂದೇ. ಸುಳ್ಳು ಯಾಕೆ, ಅದರ ಎದುರು ನಾವು ತಂದ 30 ಸಾವಿರದ ಸೀರೆ ಸ್ವಲ್ಪ ಸಪ್ಪೆ ಅನಿಸಿತು. ದುಡ್ಡು ಕೊಟ್ಟರೆ ನಮ್ಮ ಸೀರೆಯಂಥದು ಇನ್ನೊಂದು ಸಿಗುತ್ತದೆ.

ಮಾವಿನಕಾಯಿ ಕಂಡಿದ್ದು ಆ ಅಜ್ಜಿಗೇ. ಊಟದ ಪಂಕ್ತಿಯಲ್ಲಿ ಪುಟ್ಟಿ ಬಡಿಸಲು ಬಗ್ಗಿದಾಗ ಅವಳ ತೋಳು ಹಿಡಿದು ಹತ್ತಿರ ಎಳೆದುಕೊಂಡರು. "ಯವ್ವಾ, ಈ ತೋಳಾಗಿನ ಮಾವಿನಕಾಯಿ ಕೆಳಗ ಮಾರಿ ಮಾಡ್ಯಾವಲ್ಲ!" ಅಕ್ಕನ ಮುಖ ಬಿಳಿಚಿಕೊಂಡಿತು. ಟೈಲರಿಗೆ ಬೈಯಲು ನಾನು ಬಾಯಿ ತೆರೆದೆ. ಅಜ್ಜಿ ಎಲೆಯಲ್ಲಿದ್ದ ಹೋಳಿಗೆ ಮುರಿಯುತ್ತಾ, "ಗಿಡದಾಗ ಮತ್ತ ಹೆಂಗ ಇರ್ತಾವ? ಕೆಳಗs ಜೋತಿರ್ತಾವ. ಆ ತೋಳಿನ್ವು ತಪ್ಪ ಅದಾವ" ಅಂದರು. ಇಡೀ ಪಂಕ್ತಿ ನಕ್ಕಿತು.

ಸೀರೆಯನ್ನು ಈಗ ಬಿಳಿ ಪಂಚೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಪ್ಲಾಸ್ಟಿಕ್ ಚೀಲದಲ್ಲಿ ಅಲ್ಲ. ನುಸಿಗುಳಿಗೆ ಜರಿಗೆ ತಾಗುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು ಅಂತ ಅಕ್ಕ ಮಗಳ ಫೋನಿನಲ್ಲಿ ರಿಮೈಂಡರ್ ಹಾಕಿಸಿದ್ದಾಳೆ. ಹೋದ ಭಾನುವಾರ ಪುಟ್ಟಿ ಫೋಟೊ ಕಳಿಸಿದಳು. ಮಂಚದ ಮೇಲೆ ಅರಿಶಿನ ಸೀರೆ ಬಿಚ್ಚಿ ಹರಡಿದೆ, ಒಂದು ತುದಿಯನ್ನು ಅಳಿಯಂದಿರು ಹಿಡಿದುಕೊಂಡಿದ್ದಾರೆ. ಪಕ್ಕದಲ್ಲಿ ಬ್ಲೌಸ್ ಇದೆ. ಎಡತೋಳನ್ನು ಬಿಚ್ಚಿ ಸರಿಯಾಗಿ ಹೊಲಿಸಿಕೊಡಲಾ ಅಂತ ಕೇಳಿದೆ.

"ಮುಟ್ಟಬೇಡ ಮಾವ" ಅಂತ ಉತ್ತರ ಬಂತು.